ಸವಾಯಿ ಗಂಧರ್ವ ಉತ್ಸವ ಮತ್ತು ‘ಬಾಯಿ’ಯರ ದನಿ: ಪುಣೆಯ ವೇದಿಕೆಯೊಂದರ ಓದು

ಹಿಂದುಸ್ತಾನಿ ಸಂಗೀತಕ್ಕೆ ಕನ್ನಡ ನಾಡು ಸಲ್ಲಿಸಿದ ಕೊಡುಗೆಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳಲ್ಲಿ ಬಹುಪಾಲು ಒಂದು ನಾಮಾವಳಿಯಿಂದ ಆರಂಭವಾಗಿ ಒಂದು ಹೆಮ್ಮೆಯಲ್ಲಿ ಮುಗಿಯುತ್ತವೆ. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ ಎಂಬ ಹೆಸರುಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ ಕೂಡಲೇ ವಾದ ಸಿದ್ಧವಾಯಿತೆಂಬ ಭಾವನೆ ಲೇಖಕರಲ್ಲಿಯೂ ಓದುಗರಲ್ಲಿಯೂ ಮೂಡುತ್ತದೆ. ಪುಣೆಯಲ್ಲಿ ಡಿಸೆಂಬರ್ ತಿಂಗಳಲ್ಲಿ ನಡೆಯುವ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಈ ವಾದಕ್ಕೆ ಪ್ರಬಲ ಸಾಕ್ಷಿಯಾಗಿ ಒದಗಿಬರುತ್ತದೆ: ಕುಂದಗೋಳದ ಗುರುವಿನ ಹೆಸರು, ಗದಗಿನ ಶಿಷ್ಯನ ದುಡಿಮೆ, ಮರಾಠಿ ನಗರದ ಶ್ರೋತೃವೃಂದ. ಮೇಲಿನ ಸಾಲಿನಲ್ಲಿ ಒಬ್ಬರೇ ಮಹಿಳೆ ಇದ್ದಾರೆಂಬುದನ್ನು ಗಮನಿಸಿದವರೂ ಅದನ್ನು ಅವರ ಸಾಧನೆಯ ಅಳತೆಯೆಂದು ಹೊಗಳಿ ಮುಂದೆ ಸಾಗಿದ್ದಾರೆಯೇ ಹೊರತು ಸಾಲನ್ನೇ ಪ್ರಶ್ನಿಸಿದ್ದು ಕಡಿಮೆ.

ಪ್ರಸ್ತುತ ಬರಹದಲ್ಲಿ ಆ ಉತ್ಸವವನ್ನು ಒಂದು ಪಠ್ಯವೆಂದು ಭಾವಿಸಿ ಓದಲು ನಾವು ಪ್ರಯತ್ನಿಸುತ್ತೇವೆ. ಯಾರು ಹಾಡಿದರು ಎಂಬುದರ ಜೊತೆಗೆ, ಯಾರ ಹೆಸರಿನಲ್ಲಿ ಹಾಡಿದರು, ಹಾಡಿದವರನ್ನು ಏನೆಂದು ಕರೆಯಲಾಯಿತು, ವೇದಿಕೆಯನ್ನೇರುವ ಮುನ್ನ ಅವರು ಏನನ್ನು ಮನೆಯಲ್ಲಿಯೇ ಬಿಟ್ಟುಬಂದರು ಎಂಬ ಪ್ರಶ್ನೆಗಳೂ ಆ ಪಠ್ಯಕ್ಕೆ ಸೇರಿದವು. ಮಹಿಳಾ ಸಂಗೀತಗಾರರಿಗೆ ಸಾರ್ವಜನಿಕ ಗೌರವ ತಂದುಕೊಟ್ಟ, ಆ ಮೂಲಕ ಸಾಮಾಜಿಕ ಬದಲಾವಣೆಗೆ ಕಾರಣವಾದ ವೇದಿಕೆಯೆಂದು ಈ ಉತ್ಸವವನ್ನು ಕೊಂಡಾಡುವುದು ವಾಡಿಕೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹಾಡುಗಾರಿಕೆಯ ಮನೆತನಗಳಿಂದ ಬಂದ ಸ್ತ್ರೀಯರು ಆ ಗೌರವವನ್ನು ಉತ್ಸವ ಹುಟ್ಟುವುದಕ್ಕೆ ಮೂರು ದಶಕ ಮೊದಲಿನಿಂದಲೇ, ತಮ್ಮ ತಮ್ಮ ಮನೆಗಳಲ್ಲಿ ಬೆಲೆ ತೆತ್ತು ಗಳಿಸತೊಡಗಿದ್ದರೆಂಬುದು ನಮ್ಮ ಪ್ರತಿಪಾದನೆ. ಉತ್ಸವ ಆ ಗಳಿಕೆಯ ವಾರಸುದಾರ. ವಾರಸುಪತ್ರದಲ್ಲಿ ಮಾತ್ರ ಗಂಡಸರ ಹೆಸರುಗಳಿವೆ.

ಹೊರನಾಡಿನ ಓದುಗರ ಅನುಕೂಲಕ್ಕಾಗಿ ಕೆಲವು ವಿವರಗಳನ್ನು ಇಲ್ಲಿಯೇ ಹೇಳಿಬಿಡಬಹುದು. ಸವಾಯಿ ಗಂಧರ್ವರೆಂದು ಹೆಸರಾದ ರಾಮಚಂದ್ರ ಗಣೇಶ ಸೌಂಶಿ, ಅಂದರೆ ರಾಂಭಾವು ಕುಂದಗೋಳಕರ, 1886ರಲ್ಲಿ ಹುಟ್ಟಿ 1952ರ ಸೆಪ್ಟೆಂಬರಿನಲ್ಲಿ ಪುಣೆಯಲ್ಲಿ ತೀರಿಕೊಂಡರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ (1872–1937) ಶಿಷ್ಯರು ಅವರು. ಅವರ ಅರುವತ್ತನೆಯ ಹುಟ್ಟುಹಬ್ಬದ ನಿಮಿತ್ತ 1946ರಲ್ಲಿ ಪುಣೆಯಲ್ಲಿ ನಡೆದ ಸಮಾರಂಭದಲ್ಲಿ ಹಾಡಿದ ಭೀಮಸೇನ ಜೋಶಿ (1922–2011) ಅಲ್ಲಿಂದ ಪ್ರಸಿದ್ಧಿಗೆ ಬಂದರು. ಗುರುವಿನ ಮೊದಲ ಪುಣ್ಯತಿಥಿಗೆ, 1953ರಲ್ಲಿ, ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಸ್ಮೃತಿ ಉತ್ಸವ ಆರಂಭವಾಯಿತು. ಜೋಶಿಯವರ ನಿಧನಾನಂತರ, 2011ರಲ್ಲಿ, ಶಿಷ್ಯನ ಹೆಸರೂ ಗುರುವಿನ ಹೆಸರಿಗೆ ಕೂಡಿಕೊಂಡಿತು. ರಮಣಬಾಗ್ ಶಾಲೆಯ ಮೈದಾನದಲ್ಲಿ ದಶಕಗಳ ಕಾಲ ನಡೆದ ಉತ್ಸವ ಈಚಿನ ವರ್ಷಗಳಲ್ಲಿ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಆವರಣಕ್ಕೆ ಸ್ಥಳಾಂತರಗೊಂಡಿದೆ. 2024ರದು 70ನೆಯ ಉತ್ಸವ.

ಓದನ್ನು ಹೆಸರಿನಿಂದಲೇ ಆರಂಭಿಸಬಹುದು. ‘ಸವಾಯಿ’ ಎಂದರೆ ಒಂದೂಕಾಲು. ಮೂಲಕ್ಕಿಂತ ಕಾಲುಪಾಲು ಹೆಚ್ಚು. ಇಲ್ಲಿ ಮೂಲವೆಂದರೆ ಬಾಲಗಂಧರ್ವ, ಅಂದರೆ ನಾರಾಯಣರಾವ್ ರಾಜಹಂಸ. ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ನಾರಾಯಣರಾಯರಿಗೆ ಆ ಬಿರುದು ಲೋಕಮಾನ್ಯ ತಿಲಕರಿಂದ ಬಂದದ್ದೆಂದು ಪ್ರಸಿದ್ಧಿ. ಅವರಂತೆಯೇ ಸ್ತ್ರೀಪಾತ್ರಗಳಲ್ಲಿ ಹಾಡಿ ಮನಗೆದ್ದ ರಾಂಭಾವು ಅವರನ್ನು ಅಮರಾವತಿಯ ದಾದಾಸಾಹೇಬ ಖಾಪರ್ಡೆಯವರು ‘ಸವಾಯಿ’ ಗಂಧರ್ವನೆಂದು ಕರೆದರು. ಎಂದರೆ, ಇಂದು ಶಾಸ್ತ್ರೀಯ ಸಂಗೀತದ ಅತ್ಯಂತ ಗಂಭೀರ ವೇದಿಕೆಯೊಂದರ ಶಿರೋನಾಮೆಯಾಗಿರುವ ಪದ ಮೂಲದಲ್ಲಿ ಹೆಣ್ಣುವೇಷದ ಗಂಡಸಿಗೆ ಸಂದ ಬಿರುದು. ಪ್ರತಿಷ್ಠಿತ ನಾಟಕ ಮಂಡಳಿಗಳಲ್ಲಿ ಕುಲಸ್ತ್ರೀಗೆ ಪ್ರವೇಶವಿಲ್ಲ, ಕಲಾವಂತಿಕೆಯ ಮನೆಯ ಹೆಣ್ಣಿಗೆ ಮರ್ಯಾದೆಯಿಲ್ಲ. ಇವರಿಬ್ಬರ ನಡುವಿನ ತೆರಪನ್ನು ಗಂಡಸಿನ ಕಂಠ ತುಂಬಿತು. ಸಮಾಜ ಹೆಣ್ಣಿನ ದನಿಯನ್ನು ಬಯಸಿತು, ಹೆಣ್ಣನ್ನು ಹೊರಗಿಟ್ಟಿತು. ಸವಾಯಿ ಗಂಧರ್ವರ ಪ್ರತಿಭೆಯನ್ನು ಈ ಮಾತು ಕಡಿಮೆ ಮಾಡುವುದಿಲ್ಲ. ಅವರ ಬಿರುದಿನ ಒಳಗೆ ಒಂದು ಗೈರುಹಾಜರಿ ಅಡಗಿದೆಯೆಂದಷ್ಟೇ ನಾವು ಹೇಳುತ್ತಿರುವುದು.

ಆ ಗೈರುಹಾಜರಿಯನ್ನು ತುಂಬಿದವರು ಅದೇ ಗುರುಮನೆಯ ಮಗಳೆಂಬುದು ಚರಿತ್ರೆಯ ಕುತೂಹಲಕರ ತಿರುವು. ಹೀರಾಬಾಯಿ ಬರೋಡೇಕರ್ (1905–1989) ಅಬ್ದುಲ್ ಕರೀಂ ಖಾನ್ ಮತ್ತು ತಾರಾಬಾಯಿ ಮಾನೆಯವರ ಮಗಳು. ಮಿರಜಿನಲ್ಲಿ ಹುಟ್ಟಿ ಪುಣೆಯಲ್ಲಿ ಬಾಳಿದವರು. 1922ರ ಸುಮಾರಿಗೆ ತಾರಾಬಾಯಿ ತಮ್ಮ ಐವರು ಮಕ್ಕಳೊಡನೆ ಖಾನ್ ಸಾಹೇಬರಿಂದ ಬೇರೆಯಾದರು. ಅನಂತರದ ಬದುಕು ತಾಯಿಯ ದಿಟ್ಟತನ ಮತ್ತು ಅಣ್ಣ ಸುರೇಶಬಾಬು ಮಾನೆಯವರ ಪಾಠದ ಮೇಲೆ ನಿಂತದ್ದು. ಹೀರಾಬಾಯಿಯವರಿಗೆ ಅಬ್ದುಲ್ ವಹೀದ್ ಖಾನರ ತಾಲೀಮೂ ದೊರೆಯಿತು. 1920ರ ದಶಕದಲ್ಲಿ ಅವರು ಮಾಡಿದ ಎರಡು ಕೆಲಸಗಳು ನಮ್ಮ ಚರ್ಚೆಗೆ ಮುಖ್ಯವಾಗಿವೆ. ಮೊದಲನೆಯದು, ಟಿಕೀಟು ಮಾರಿ ಸಾರ್ವಜನಿಕ ಸಭಾಗೃಹದಲ್ಲಿ ಕಛೇರಿ ಮಾಡಿದ್ದು. ಮಹಿಳೆಯೊಬ್ಬರು ಹೀಗೆ ಮಾಡಿದ ಮೊದಲ ನಿದರ್ಶನಗಳಲ್ಲಿ ಅದೊಂದು. ಎರಡನೆಯದು, ಆ ದಶಕದ ಕೊನೆಯಲ್ಲಿ ಸುರೇಶಬಾಬು ಕಟ್ಟಿದ ನೂತನ ಸಂಗೀತ ವಿದ್ಯಾಲಯದ ನಾಟಕ ಶಾಖೆಯಲ್ಲಿ, ‘ಸೌಭದ್ರ’ ಮೊದಲಾದ ಸಂಗೀತ ನಾಟಕಗಳಲ್ಲಿ, ತಾವೇ ರಂಗಕ್ಕೆ ಬಂದದ್ದು. ಗಂಡಸರ ಗಂಧರ್ವಲೋಕದಲ್ಲಿ ಹೆಣ್ಣು ತನ್ನ ಪಾತ್ರವನ್ನು ತಾನೇ ವಹಿಸಿಕೊಂಡಂತಾಯಿತು. ಆ ನಾಟಕ ಸಾಹಸ ಹೆಚ್ಚು ಕಾಲ ಬಾಳಲಿಲ್ಲ. ಕಛೇರಿ ಬಾಳಿತು.

ಟಿಕೀಟಿನ ಮಾತು ಸಣ್ಣದೆಂದು ತೋರಬಹುದು. ನಮಗೆ ಅದು ಇಡೀ ಬದಲಾವಣೆಯ ಕೀಲಿಯೆಂದು ತೋರುತ್ತದೆ. ಮೆಹಫಿಲಿನಲ್ಲಿ ಹಾಡುವವಳಿಗೂ ಕೇಳುವವನಿಗೂ ಇದ್ದ ಸಂಬಂಧ ಮನೆಯದು: ಕರೆಸಿದವನು ಯಜಮಾನ, ಹಾಡಿದವಳು ಅವನ ಆಶ್ರಿತೆ, ಕೊಟ್ಟದ್ದು ಇನಾಮು. ಟಿಕೀಟು ಕೊಂಡವನು ಅಪರಿಚಿತ. ಅವನು ಕೊಟ್ಟ ಹಣಕ್ಕೆ ಅವನಿಗೆ ದೊರೆಯುವುದು ಒಂದು ಆಸನ ಮತ್ತು ಮೂರು ಗಂಟೆಯ ಸಂಗೀತ. ಹಾಡುವವಳ ಮೇಲೆ ಅವನಿಗೆ ಬೇರಾವ ಹಕ್ಕೂ ಹುಟ್ಟುವುದಿಲ್ಲ. ಅವನ ಪಕ್ಕದಲ್ಲಿ ಅವನ ಹೆಂಡತಿಯೂ ಮಗಳೂ ಕುಳಿತಿರಬಹುದು. ಹಾವಭಾವಗಳನ್ನೆಲ್ಲ ತೊರೆದು ನಿಶ್ಚಲವಾಗಿ ಕುಳಿತು ಹಾಡುವ ಹೀರಾಬಾಯಿಯವರ ಭಂಗಿ ಈ ಹೊಸ ಶ್ರೋತೃವಿಗಾಗಿ ರೂಪುಗೊಂಡದ್ದು. ಮೂವತ್ತು ವರ್ಷಗಳ ನಂತರ ಹುಟ್ಟಿದ ಸವಾಯಿ ಗಂಧರ್ವ ಉತ್ಸವದ ಬಿಳಿಯ ಹಾಸು, ಟಿಕೀಟು ಕೊಂಡು ನೆಲದ ಮೇಲೆ ಒತ್ತಾಗಿ ಕುಳಿತ ಸಾವಿರಾರು ಮಂದಿಯ ಸಭೆ ಇವೆಲ್ಲವೂ ಈ ಒಪ್ಪಂದದ ವಿಸ್ತರಣೆಯೇ. ಉತ್ಸವದ ಆರಂಭದ ದಶಕಗಳಲ್ಲಿ ಹೀರಾಬಾಯಿ, ಅವರ ತಂಗಿ ಸರಸ್ವತಿಬಾಯಿ ರಾಣೆ, ಗಂಗೂಬಾಯಿ ಹಾನಗಲ್ ಇವರೆಲ್ಲ ಅಲ್ಲಿ ಹಾಡಿದಾಗ ಅದು ಅವರಿಗೆ ದೊರೆತ ಪ್ರವೇಶವೆನ್ನುವುದಕ್ಕಿಂತ, ತಾವು ಕಟ್ಟಿದ ಮನೆಗೆ ತಾವು ಬಂದದ್ದೆನ್ನುವುದು ಹೆಚ್ಚು ಸರಿ.

ಎಲ್ಲರಿಗೂ ಇದು ಸಾಧ್ಯವಾಗಲಿಲ್ಲ. ಬಿಜಾಪುರ ಸೀಮೆಯ ಬೀಳಗಿಯಿಂದ ಬಂದ ಗೋಹರಬಾಯಿ ಕರ್ನಾಟಕಿಯವರು ಬಾಲಗಂಧರ್ವರ ಮಂಡಳಿಗೆ ಸೇರಿ, ವಯಸ್ಸಾಗುತ್ತಿದ್ದ ಗಂಧರ್ವರು ಬಿಟ್ಟುಕೊಟ್ಟ ಸ್ತ್ರೀಪಾತ್ರಗಳನ್ನು ವಹಿಸಿದರು. ಅವರು ಕನ್ನಡದ ಹೆಣ್ಣು, ಮುಸಲ್ಮಾನಳು, ಹಾಡುವ ಮನೆಯವಳು. ಬಾಲಗಂಧರ್ವರ ಅವನತಿಗೆ ಇವರೇ ಕಾರಣವೆಂಬ ಧಾಟಿ ಮರಾಠಿ ರಂಗಭೂಮಿಯ ನೆನಪುಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅವರ ಅಕ್ಕತಂಗಿಯರಲ್ಲಿ ಚಿತ್ರಗೀತೆಗಳಿಂದ ಪ್ರಸಿದ್ಧರಾದ ಅಮೀರಬಾಯಿ ಕರ್ನಾಟಕಿಯವರ ಬದುಕನ್ನು ರಹಮತ್ ತರೀಕೆರೆಯವರು ಶೋಧಿಸಿ ಬರೆದ ಮೇಲೆಯೇ ಕನ್ನಡದ ಓದುಗರು ಈ ಮನೆತನವನ್ನು ಗಂಭೀರವಾಗಿ ಕಂಡದ್ದು. ‘ಕೊಡುಗೆ’ಯ ನಾಮಾವಳಿಗಳಲ್ಲಿ ಗೋಹರಬಾಯಿಗೆ ಇಂದಿಗೂ ಸ್ಥಾನವಿಲ್ಲ.

ಹೆಸರುಗಳ ಮಾತು ಬಂದುದರಿಂದ ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಒಂದು ಸಂಗತಿ ಎದ್ದುಕಾಣುತ್ತದೆ. ಹಾನಗಲ್, ಬರೋಡೇಕರ್, ಕರ್ನಾಟಕಿ: ಈ ಮೂರೂ ಊರಿನ ಅಥವಾ ನಾಡಿನ ಹೆಸರುಗಳು. ಕುಂದಗೋಳಕರ ಎಂಬುದೂ ಊರಿನ ಹೆಸರೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ರಾಮಚಂದ್ರರಿಗೆ ಗಣೇಶ ಸೌಂಶಿ ಎಂಬ ತಂದೆಯ ಹೆಸರಿನ ಬೆನ್ನುಕಟ್ಟು ಇದ್ದೇ ಇತ್ತು, ಊರಿನ ಹೆಸರು ಅದರ ಮೇಲಿನ ಹೊದಿಕೆ. ಗಂಗೂಬಾಯಿಯವರ ತಂದೆ ಚಿಕ್ಕೂರಾವ್ ನಾಡಿಗೇರ. ನಾಡಿಗೇರ ಎಂಬ ಹೆಸರು ಮಗಳಿಗೆ ಬರಲಿಲ್ಲ. ಹೀರಾಬಾಯಿಯವರ ಹೆಸರಿನಲ್ಲಿ ಖಾನ್ ಉಳಿಯಲಿಲ್ಲ; ತಾಯಿ ಬಿಟ್ಟುಬಂದ ಬಡೋದೆ ಉಳಿಯಿತು. ಇದನ್ನು ಬರಿಯ ಕೊರತೆಯೆಂದು ಓದುವುದು ಸರಿಯಲ್ಲ. ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆ ವಿನಾಪೋಟಿಯ ಕನ್ನಡ ಶಾಸನವಿದೆ. ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಅರ್ಪಿಸಿದ ಆಕೆಯ ವಂಶವನ್ನು ಶಾಸನ ಹೇಳುವುದು ಅಜ್ಜಿ ರೇವಮಂಚಳು, ತಾಯಿ ಕುಚಿಪೋಟಿ, ಮಗಳು ವಿನಾಪೋಟಿ ಎಂಬ ಕ್ರಮದಲ್ಲಿ. ತಂದೆಯ ಸುಳಿವಿಲ್ಲ. ಅಜ್ಜಿ ಕಮಲಾಬಾಯಿ, ತಾಯಿ ಅಂಬಾಬಾಯಿ, ಮಗಳು ಗಂಗೂಬಾಯಿ, ಅವರ ಮಗಳು ಕೃಷ್ಣಾ ಎಂದು ಹೇಳುವಾಗ ನಮಗೆ ಮಹಾಕೂಟದ ಆ ಕಂಬ ನೆನಪಾಗುತ್ತದೆ. ಹನ್ನೆರಡು ಶತಮಾನಗಳ ಅಂತರದ ಈ ಎರಡು ಸಾಲುಗಳ ನಡುವೆ ರಕ್ತಸಂಬಂಧವನ್ನಾಗಲಿ ವೃತ್ತಿಸಂಬಂಧವನ್ನಾಗಲಿ ನಾವು ಕಲ್ಪಿಸುತ್ತಿಲ್ಲ. ತಾಯಿಯಿಂದ ಮಗಳಿಗೆ ಸಾಗುವ ವಂಶಕ್ರಮವನ್ನು ಕಲ್ಲಿನ ಮೇಲೆ ಧೈರ್ಯವಾಗಿ ಕೆತ್ತಿಸಬಹುದಾಗಿದ್ದ ಒಂದು ಕಾಲ ಈ ನಾಡಿನಲ್ಲಿ ಇತ್ತು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದೇ ಕ್ರಮ ಬಾಯಿಮುಚ್ಚಿ ಹೇಳಬೇಕಾದ ವಿಷಯವಾಗಿತ್ತು. ಸಂಗೀತದ ಚರಿತ್ರೆ ಘರಾಣೆಗಳ ಚರಿತ್ರೆಯಾಗಿ ಬರೆಯಲ್ಪಟ್ಟಿತು. ಘರಾಣೆಯ ವಂಶವೃಕ್ಷದಲ್ಲಿ ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಎಳೆದ ಗೆರೆಗಳೇ ತುಂಬಿವೆ.

ಇನ್ನು ‘ಬಾಯಿ’ ಎಂಬ ಪ್ರತ್ಯಯ. ಗಂಡು ಗಾಯಕ ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ. ಕೇಸರಬಾಯಿ, ಮೋಗೂಬಾಯಿಯಂಥ ಹೆಂಗಸರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬರ್ಥದ ಮಾತನ್ನು ಗಂಗೂಬಾಯಿಯವರು ಹೇಳಿದ್ದರೆಂಬುದು ಪ್ರಸಿದ್ಧವಾಗಿದೆ. ಇದನ್ನು ಉಲ್ಲೇಖಿಸುವವರು ಒಂದು ಸೂಕ್ಷ್ಮವನ್ನು ಬಿಟ್ಟುಬಿಡುತ್ತಾರೆ. ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆ ‘ಬಾಯಿ’ ಎಂಬುದು ಮರ್ಯಾದಸ್ಥ ಗೃಹಿಣಿಯರ ಹೆಸರಿಗೂ ಸಹಜವಾಗಿ ಸೇರುವ ಗೌರವಸೂಚಕ. ಅಗ್ರಹಾರದ ಮನೆಯಲ್ಲಿಯೂ ಒಬ್ಬ ಗಂಗೂಬಾಯಿ ಇರುತ್ತಿದ್ದಳು. ಅದೇ ಪದ ಹಾಡುವವಳ ಹೆಸರಿಗೆ ಅಂಟಿದಾಗ ಬೇರೆ ಅರ್ಥ ಹೊರಡಿಸಿತು. ಕನ್ನಡದ ಶಬ್ದಚರಿತ್ರೆಯಲ್ಲಿ ಇದಕ್ಕೆ ಹಳೆಯ ಸಾಮ್ಯವೊಂದಿದೆ. ‘ಸ್ವಾಮಿನಿ’ ಎಂಬುದರಿಂದ ಬಂದ ‘ಸಾನಿ’ ಒಡತಿಯೆಂಬ ಅರ್ಥದ ಗೌರವಪದ. ಕಾಲಕ್ರಮದಲ್ಲಿ ‘ನಾಯಕಸಾನಿ’ ಎಂಬಲ್ಲಿ ಅದು ದೇಗುಲದ ನರ್ತಕಿಯರ ಹೆಸರಾಗಿ, ಕೊನೆಗೆ ತಾತ್ಸಾರದ ಮಾತಾಗಿ ಇಳಿಯಿತು. ಹೊಯ್ಸಳ ರಾಣಿ ಶಾಂತಲೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಕವಿಗಳು ಹೊಗಳಿದ್ದಾರೆ. ಅದೇ ವಿದ್ಯೆ ಜೀವನೋಪಾಯವಾದವಳಿಗೆ ಅದು ಭೂಷಣವಾಗದೆ ಗುರುತಿನ ಮುದ್ರೆಯಾಯಿತು. ಪದಗಳು ತಾವಾಗಿ ಕೆಡುವುದಿಲ್ಲ, ಅವುಗಳನ್ನು ಹೊತ್ತವರ ಸ್ಥಿತಿ ಕೆಟ್ಟಾಗ ಕೆಡುತ್ತವೆ. ಇಂದಿನ ಉತ್ಸವಗಳ ಆಮಂತ್ರಣ ಪತ್ರಗಳಲ್ಲಿ ‘ವಿದುಷಿ’ ಎಂಬ ಪದ ಎಲ್ಲೆಡೆ ಕಾಣುತ್ತದೆ. ಅದು ಅಗತ್ಯವಾದ ತಿದ್ದುಪಡಿಯೇ. ಆದರೆ ಹಿಂದಿನವರ ಹೆಸರಿನಿಂದ ‘ಬಾಯಿ’ಯನ್ನು ಕಿತ್ತುಹಾಕಲಾಗದು; ಗಂಗೂಬಾಯಿ ತಮ್ಮ ಹೆಸರನ್ನು ಬದಲಿಸದೆ ಅದರ ಅರ್ಥವನ್ನು ಬದಲಿಸಿದರು.

ಆ ಬದಲಾವಣೆಗೆ ಅವರು ತೆತ್ತ ಬೆಲೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು 1924ರ ಡಿಸೆಂಬರಿನಲ್ಲಿ, ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಹನ್ನೊಂದರ ಬಾಲಕಿಯಾಗಿ ಸ್ವಾಗತಗೀತೆ ಹಾಡಿದರು. ರಾಷ್ಟ್ರದ ಮಹಾನಾಯಕರೆದುರು ಹಾಡುವ ಸಂಭ್ರಮಕ್ಕಿಂತ, ಊಟಕ್ಕೆ ತನ್ನನ್ನು ಬೇರೆ ಕೂರಿಸುತ್ತಾರೇನೋ ಎಂಬ ಅಳುಕೇ ತಮ್ಮನ್ನು ಕಾಡಿತ್ತೆಂದು ಅವರು ಮುಂದೆ ನೆನೆದಿದ್ದಾರೆ. ನೆರೆಯವರ ತೋಟದ ಮಾವಿನಕಾಯಿ ಕಿತ್ತದ್ದಕ್ಕಿಂತ, ಹಾಡುವವಳ ಮಗಳು ತೋಟಕ್ಕೆ ಕಾಲಿಟ್ಟಳೆಂಬುದೇ ಅಪರಾಧವಾದ ಪ್ರಸಂಗವನ್ನೂ, ಮುಂದೆ ಅಂಥವರೇ ತಮ್ಮನ್ನು ಊಟಕ್ಕೆ ಕರೆಯುವಂತಾದುದನ್ನೂ ಅವರು ನಗುತ್ತ ಹೇಳುತ್ತಿದ್ದರು. ಸಾಮಾಜಿಕ ಬದಲಾವಣೆ ಎಂಬ ದೊಡ್ಡ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಮಾಪನ ನಮಗೆ ತಿಳಿಯದು: ಒಂದೇ ಬೀದಿ, ಒಂದೇ ಜನ, ತೋಟದ ಬೇಲಿಯಿಂದ ಊಟದ ಪಂಕ್ತಿಯವರೆಗಿನ ದೂರ.

ಆ ದೂರ ಕ್ರಮಿಸಲು ಮೊದಲು ಸುಮ್ಮನಾದವರು ತಾಯಿ. ಅಂಬಾಬಾಯಿ ಕರ್ನಾಟಕ ಸಂಗೀತದ ಉತ್ತಮ ಗಾಯಕಿ. ಅವರ ಹಾಡನ್ನು ಕೇಳಲು ಅಬ್ದುಲ್ ಕರೀಂ ಖಾನರಂಥವರೇ ಧಾರವಾಡದ ಆ ಮನೆಗೆ ಬಂದದ್ದುಂಟು. ಮೈಸೂರು ಅರಮನೆಗೆ ಹೋಗಿಬರುತ್ತಿದ್ದ ಖಾನರ ಗಾಯನದಲ್ಲಿ ದಕ್ಷಿಣದ ಸ್ವರಪ್ರಸ್ತಾರದ ಪ್ರಭಾವವಿದೆಯೆಂಬುದನ್ನು ವಿದ್ವಾಂಸರು ಒಪ್ಪುತ್ತಾರೆ. ಆ ಪ್ರಭಾವದ ದಾರಿಯನ್ನು ಹೇಳುವಾಗ ಅರಮನೆಯ ವಿದ್ವಾಂಸರ ಹೆಸರುಗಳು ಬರುತ್ತವೆ, ಧಾರವಾಡದ ಈ ಹೆಂಗಸಿನ ಮನೆ ಬರುವುದಿಲ್ಲ. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ ಅವಳ ಕಿವಿಯಲ್ಲಿ ಎರಡು ಪದ್ಧತಿಗಳು ಬೆರೆಯಬಾರದೆಂದು ಅಂಬಾಬಾಯಿ ತಮ್ಮ ಹಾಡನ್ನು ನಿಲ್ಲಿಸಿದರು. ಇದನ್ನು ಮಾತೃತ್ಯಾಗವೆಂದು ವರ್ಣಿಸಿ ಕಣ್ಣೊರೆಸಿಕೊಳ್ಳುವುದು ನಮ್ಮ ಲೇಖಕರ ಪದ್ಧತಿ. ನಾವು ಅದನ್ನು ಒಂದು ಸಂಗೀತ ಪರಂಪರೆ ತನ್ನ ಮನೆಯಲ್ಲಿಯೇ ಮುಗಿದ ಘಟನೆಯೆಂದೂ ಓದಬೇಕಾಗಿದೆ. ಕಿರಾಣಾದ ಗುರುಶಿಷ್ಯ ಪರಂಪರೆ ಮಗಳ ಮೂಲಕ ಮುಂದುವರಿಯಿತು. ತಾಯಿ-ಮಗಳ ಪರಂಪರೆ ಕಡಿಯಿತು.

ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿಯವರ ಪಾಠಗಳ ನಂತರ ಗಂಗೂಬಾಯಿ ಸವಾಯಿ ಗಂಧರ್ವರ ಶಿಷ್ಯೆಯಾದರು. 1930ರ ದಶಕದ ಕೊನೆಯಲ್ಲಿ ಗುರುಗಳು ಕುಂದಗೋಳದಲ್ಲಿ ನೆಲೆಸಿದ ಮೇಲೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿ ಗುರುಗಳ ಮನೆಯಲ್ಲಿಯೇ ಇದ್ದು ಕಲಿತವರು. ಗಂಗೂಬಾಯಿ ಮಕ್ಕಳ ತಾಯಿ, ಹೋಗಿಬಂದು ಕಲಿತವರು. ಗುರುಕುಲವೆಂಬ ವ್ಯವಸ್ಥೆ ಗಂಡುಮಕ್ಕಳಿಗಾಗಿ ರೂಪುಗೊಂಡುದೆಂಬುದಕ್ಕೆ ಆ ರೈಲಿನ ಪ್ರಯಾಣ ಸಾಕ್ಷಿ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವ ನಡೆದುಕೊಂಡು ಬಂದಿದೆ. ಅಲ್ಲಿ ಗಂಗೂಬಾಯಿಯವರ ಸ್ಥಾನ ಮನೆಯ ಹಿರಿಯಕ್ಕನದು. ಪುಣೆ ಮತ್ತು ಕುಂದಗೋಳಗಳ ಉತ್ಸವಗಳನ್ನು ಹೋಲಿಸಿ ನೋಡುವ ಕೆಲಸವನ್ನು ಹೊರನಾಡಿನ ಸಂಶೋಧಕರೊಬ್ಬರು ಕೈಗೆತ್ತಿಕೊಂಡರೆ ಒಳ್ಳೆಯದು. ಇಲ್ಲಿ ಅದಕ್ಕೆ ಎಡೆಯಿಲ್ಲ.

ಬೆಲೆಯ ಇನ್ನೊಂದು ಪಾಲು ಹಾಡಿನ ಪ್ರಕಾರಗಳಿಗೆ ಸಂಬಂಧಿಸಿದುದು. ಮೊದಲ ವರ್ಷಗಳಲ್ಲಿ ಗಂಗೂಬಾಯಿ ಖಯಾಲಿನ ಜೊತೆಗೆ ಠುಮರಿ, ಭಜನೆ, ಭಾವಗೀತೆಗಳನ್ನೂ ಹಾಡುತ್ತಿದ್ದರು. ಗ್ರಾಮಫೋನ್ ತಟ್ಟೆಗಳು ಅದಕ್ಕೆ ಸಾಕ್ಷಿಯಾಗಿವೆ. 1940ರ ದಶಕದ ನಡುವಿನಿಂದ ಅವರು ಲಘು ಪ್ರಕಾರಗಳನ್ನು ಬಿಟ್ಟು ಖಯಾಲಿಗೆ ಮಾತ್ರ ಬದ್ಧರಾದರು. ಈ ದಶಕದ ಸಂದರ್ಭವನ್ನು ಮರೆಯಬಾರದು. 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯಿದೆ ಆಗಲೇ ಜಾರಿಯಲ್ಲಿತ್ತು. 1946ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ವಹಿಸಿಕೊಂಡ ಸರ್ದಾರ್ ಪಟೇಲರು, ಖಾಸಗಿ ಬದುಕು ಲೋಕಾಪವಾದಕ್ಕೆ ಗುರಿಯಾದವರಿಗೆ ಆಕಾಶವಾಣಿಯಲ್ಲಿ ಅವಕಾಶ ಕೂಡದೆಂಬ ಧೋರಣೆ ತಳೆದರು. ಅದರ ಗುರಿ ಹಾಡುವ ಹೆಂಗಸರೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಠುಮರಿ ಎಂದರೆ ಕೋಠಿಯ ನೆನಪು. ಖಯಾಲು ಎಂದರೆ ವಿದ್ಯೆ. ಶೃಂಗಾರದ ಹಾಡನ್ನು ಗಂಡಸು ಹಾಡಿದರೆ ಅದು ಕಲೆ, ಅಂಥ ಮನೆಯ ಹೆಣ್ಣು ಹಾಡಿದರೆ ಅದು ಆತ್ಮಕಥೆ ಎಂದು ಕೇಳುವ ಕಿವಿಗಳ ಎದುರಿನಲ್ಲಿ ಗಂಗೂಬಾಯಿಯವರ ಆಯ್ಕೆ ಬರಿಯ ಅಭಿರುಚಿಯದಾಗಿರಲಾರದು.

ಈ ವಾದಕ್ಕೆ ಎರಡು ಆಕ್ಷೇಪಣೆಗಳನ್ನು ಎತ್ತಬಹುದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ಕಂಠ ಗಡುಸಾಗಿ, ಗಂಡುದನಿಯೆಂದು ಮೊದಲ ಬಾರಿ ಕೇಳಿದವರು ಭ್ರಮಿಸುವಷ್ಟು ತಗ್ಗಿಗಿಳಿಯಿತು. ಆ ಕಂಠಕ್ಕೆ ವಿಳಂಬಿತ ಖಯಾಲಿನ ಗಾಂಭೀರ್ಯವೇ ಒಪ್ಪುವಂಥದು, ಆದ್ದರಿಂದ ಇದು ಶುದ್ಧ ಸಂಗೀತದ ನಿರ್ಧಾರವೆಂಬುದು ಮೊದಲನೆಯದು. ಅದನ್ನು ಭಾಗಶಃ ಒಪ್ಪಬಹುದು. ಎರಡನೆಯದು ಹೀರಾಬಾಯಿಯವರ ಉದಾಹರಣೆ. ಅವರ ಹಿನ್ನೆಲೆಯೂ ಇಂಥದೇ ಆಗಿದ್ದರೂ ಅವರು ಠುಮರಿ, ನಾಟ್ಯಗೀತ, ಭಜನೆಗಳನ್ನು ಕೊನೆಯವರೆಗೂ ಬಿಡಲಿಲ್ಲ. ಇದು ಹೆಚ್ಚು ಗಟ್ಟಿಯಾದ ಆಕ್ಷೇಪಣೆ. ನಮ್ಮ ಉತ್ತರ ಹೀಗಿದೆ: ಹೀರಾಬಾಯಿ ಠುಮರಿಯನ್ನು ಉಳಿಸಿಕೊಂಡರು, ಅದರ ಅಭಿನಯವನ್ನು ಬಿಟ್ಟರು, ಗಂಗೂಬಾಯಿ ಪ್ರಕಾರವನ್ನೇ ಬಿಟ್ಟರು. ಬಿಟ್ಟುಕೊಡುವ ವಸ್ತು ಬೇರೆ, ಬಿಟ್ಟುಕೊಡಬೇಕೆಂಬ ಒತ್ತಡ ಒಂದೇ. ಹೆಣ್ಣಿನ ದನಿಯನ್ನು ಅನುಕರಿಸಿ ಗಂಧರ್ವರೆನಿಸಿದ ಗುರುವಿನ ಮೊದಲ ಸಾಲಿನ ಶಿಷ್ಯೆಯ ದನಿ ಗಂಡಿನದೆಂದು ಕೇಳಿಸುತ್ತಿತ್ತೆಂಬ ವಿಪರ್ಯಾಸವನ್ನು ಕೂಡ ಇಲ್ಲಿ ನೆನೆಯಬೇಕು. ಆ ಕಂಠ ಪುಣೆಯ ಮೈದಾನವನ್ನು ತುಂಬಿದಾಗ ‘ಹೆಣ್ಣುದನಿ’ ಎಂದರೇನೆಂಬ ಪೂರ್ವಗ್ರಹವೂ ಕೊಂಚ ಸಡಿಲಿತು.

1970ರ ದಶಕದ ಹೊತ್ತಿಗೆ ಪದ್ಮ ಪ್ರಶಸ್ತಿಗಳು ಬಂದಿದ್ದವು: 1970ರಲ್ಲಿ ಹೀರಾಬಾಯಿಯವರಿಗೆ, 1971ರಲ್ಲಿ ಗಂಗೂಬಾಯಿಯವರಿಗೆ ಪದ್ಮಭೂಷಣ. 2002ರಲ್ಲಿ ಗಂಗೂಬಾಯಿ, ಕಿಶೋರಿ ಅಮೋಣಕರ್ ಇಬ್ಬರಿಗೂ ಪದ್ಮವಿಭೂಷಣ. ಇವುಗಳ ಪಟ್ಟಿ ಬೆಳೆಸುವ ಅಗತ್ಯವಿಲ್ಲ.

ನಮ್ಮ ದೃಷ್ಟಿಯಲ್ಲಿ ಹೆಚ್ಚು ವಿಚಾರಣೀಯವಾದುದು ಮುಂದಿನ ತಲೆಮಾರು. ಸುರೇಶಬಾಬು ಮತ್ತು ಹೀರಾಬಾಯಿಯವರ ಶಿಷ್ಯೆ ಪ್ರಭಾ ಅತ್ರೆ (1932–2024) ಪುಣೆಯ ಸುಶಿಕ್ಷಿತ ಕುಟುಂಬದವರು. ವಿಜ್ಞಾನ ಹಾಗೂ ಕಾನೂನು ಪದವೀಧರೆ, ಸಂಗೀತದಲ್ಲಿ ಡಾಕ್ಟರೇಟ್ ಪಡೆದವರು, ಮುಂಬಯಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗದ ಮುಖ್ಯಸ್ಥೆಯಾಗಿದ್ದವರು. ಅವರ ಮನೆಯಲ್ಲಿ ಹಾಡುಗಾರಿಕೆಯ ಪರಂಪರೆಯಿರಲಿಲ್ಲ. ಆದ್ದರಿಂದ ಆ ಪರಂಪರೆಯ ಕಳಂಕವೂ ಇರಲಿಲ್ಲ. ಠುಮರಿಯನ್ನು ಅವರು ನಿಸ್ಸಂಕೋಚವಾಗಿ ಹಾಡಿದರು, ಅದರ ಬಗ್ಗೆ ಬರೆದರು, ಪ್ರಾತ್ಯಕ್ಷಿಕೆ ಕೊಟ್ಟರು. ಗಂಗೂಬಾಯಿ ಮರ್ಯಾದೆಗಾಗಿ ಬಿಟ್ಟದ್ದನ್ನು ಮರ್ಯಾದೆ ಹುಟ್ಟಿನಿಂದಲೇ ಬಂದವರು ಎತ್ತಿಕೊಳ್ಳಬಹುದಾಗಿತ್ತು. ಇದು ಪ್ರಭಾ ಅತ್ರೆಯವರ ಮೇಲಿನ ಆಕ್ಷೇಪವಲ್ಲ. ಅವರ ಕಲಾವಂತಿಕೆ ಮತ್ತು ಚಿಂತನೆ ಎರಡೂ ಅಸಾಧಾರಣವಾದವು, ಹೀರಾಬಾಯಿಯವರ ಹೆಸರನ್ನು ಅವರಷ್ಟು ಕೃತಜ್ಞತೆಯಿಂದ ನೆನೆದವರು ವಿರಳ. ನಮ್ಮ ಪ್ರಶ್ನೆ ವ್ಯವಸ್ಥೆಯನ್ನು ಕುರಿತದ್ದು. ಹಾಡುಗಾರಿಕೆಯ ಮನೆತನಗಳ ಸ್ತ್ರೀಯರು ತೆರೆದ ಬಾಗಿಲಿನಿಂದ ಮುಖ್ಯವಾಗಿ ಒಳಬಂದವರು ಮಧ್ಯಮವರ್ಗದ ಹೆಣ್ಣುಮಕ್ಕಳು. ಗಂಗೂಬಾಯಿಯವರ ಮಗಳು ಕೃಷ್ಣಾ ಹಾನಗಲ್ ದಶಕಗಳ ಕಾಲ ತಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತು, ತಾಯಿಯ ಉಸಿರು ನಿಂತಲ್ಲಿ ತಾವು ದನಿಗೂಡಿಸಿದರು. ಸ್ವತಃ ಸಮರ್ಥ ಗಾಯಕಿಯಾದ ಅವರು ಜನರ ನೆನಪಿನಲ್ಲಿ ಉಳಿದದ್ದು ಸಹಗಾಯಕಿಯಾಗಿ. ತಾಯಿಗಿಂತ ಮೊದಲೇ, 2004ರಲ್ಲಿ, ಅವರು ತೀರಿಕೊಂಡರು. ಉತ್ಸವದ ಚರಿತ್ರೆ ಬರೆಯುವವರು ಆ ಎರಡನೆಯ ದನಿಗೆ ಒಂದು ಪುಟವನ್ನಾದರೂ ಮೀಸಲಿಡಬೇಕಾಗಿದೆ.

ಉತ್ಸವದಲ್ಲಿ ಹೆಣ್ಣಿನ ಹೆಸರೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಕನ್ನಡ ನಾಟಕವೊಂದರಲ್ಲಿ ಭೀಮಸೇನರ ಸಹನಟಿಯಾಗಿದ್ದು ಮುಂದೆ ಅವರ ಪತ್ನಿಯಾದ ವತ್ಸಲಾಬಾಯಿ ಜೋಶಿಯವರ ಹೆಸರಿನಲ್ಲಿ ಅಲ್ಲಿ ಪುರಸ್ಕಾರವೊಂದನ್ನು ಕೊಡಲಾಗುತ್ತದೆ. ಆದರೆ ಅದು ಪತ್ನಿಯೆಂಬ ನೆಲೆಯಲ್ಲಿ ಬಂದ ಸ್ಮರಣೆ. ಪುಣೆಯಲ್ಲಿಯೇ ಬಾಳಿ, ಟಿಕೀಟಿನ ಕಛೇರಿಯನ್ನು ಅಲ್ಲಿನ ಜನಕ್ಕೆ ರೂಢಿ ಮಾಡಿಸಿದ ಹೀರಾಬಾಯಿಯವರ ಹೆಸರು ಉತ್ಸವದ ಶಿರೋನಾಮೆಯಲ್ಲಿ ಬರಬಹುದಾಗಿತ್ತೆಂಬ ಯೋಚನೆ ಯಾರಿಗೂ ಬಂದಂತೆ ಕಾಣುವುದಿಲ್ಲ. 2011ರಲ್ಲಿ ಹೆಸರು ಬದಲಾಗುವ ಸಂದರ್ಭವೊಂದು ಒದಗಿತ್ತು. ಒಂದು ಹೆಸರು ಕೂಡಿತು, ಅದೂ ಗುರುವಿನಿಂದ ಶಿಷ್ಯನಿಗೆ ಎಳೆದ ಗೆರೆಯ ಮೇಲಿನದೇ. ಭೀಮಸೇನ ಜೋಶಿಯವರ ದುಡಿಮೆಗೆ ಆ ಗೌರವ ಯುಕ್ತವಾದುದೆಂಬುದರಲ್ಲಿ ನಮಗೆ ಎರಡನೆಯ ಮಾತಿಲ್ಲ.

ಉತ್ಸವದ ಮುಕ್ತಾಯದ ಕ್ರಮವೂ ಓದಿಗೆ ಯೋಗ್ಯವಾಗಿದೆ. ರಾತ್ರಿಯ ಧ್ವನಿವರ್ಧಕಗಳ ಮೇಲೆ ನಿರ್ಬಂಧ ಬರುವ ಮುನ್ನ ಕಛೇರಿಗಳು ಬೆಳಗಿನವರೆಗೂ ನಡೆಯುತ್ತಿದ್ದವು. ಕೊನೆಯ ಗಾಯನ ಭೀಮಸೇನ ಜೋಶಿಯವರದಾಗಿರುತ್ತಿತ್ತು. ಅವರು ಅಲ್ಲಿ ಹಾಡುವುದು ನಿಂತ ಮೇಲೆ ಆ ಸ್ಥಾನ ಪ್ರಭಾ ಅತ್ರೆಯವರಿಗೆ ಬಂದಿತು. ಹಲವು ವರ್ಷಗಳ ಕಾಲ, ಎಂಬತ್ತರ ಹರೆಯದಲ್ಲಿಯೂ, ಅವರು ಉತ್ಸವಕ್ಕೆ ಸಮಾಪ್ತಿ ಹಾಡಿದರು. ಘರಾಣೆಯ ಹಿರಿತನ ಹೆಣ್ಣಿಗೆ ಸಂದುದರ ಬಹಿರಂಗ ಒಪ್ಪಿಗೆ ಅದು. ಆದರೂ ಕೊನೆಯ ದನಿ ಅವರದಲ್ಲ. ಹಾಡುಗಾರರು ವೇದಿಕೆ ಇಳಿದ ಮೇಲೆ ಸವಾಯಿ ಗಂಧರ್ವರು ಹಾಡಿದ ಭೈರವಿ ಠುಮರಿಯ ಹಳೆಯ ಧ್ವನಿಮುದ್ರಿಕೆಯನ್ನು ಹಾಕುತ್ತಾರೆ. ಸಭೆ ನಿಶ್ಶಬ್ದವಾಗಿ ಕೇಳುತ್ತದೆ. ಪ್ರಿಯನನ್ನು ಕಾಣದೆ ತಳಮಳಿಸುವ ನಾಯಿಕೆಯ ಮಾತು, ಸ್ತ್ರೀಪಾತ್ರಗಳಿಂದ ಹೆಸರಾದ ಗಂಡಸಿನ ಕಂಠ, ಗಂಗೂಬಾಯಿ ಬಿಟ್ಟುಕೊಟ್ಟ ಪ್ರಕಾರ. ತಟ್ಟೆ ತಿರುಗಿ ನಿಂತ ಮೇಲೆ ಜನ ಹಾಸಿನಿಂದ ಎದ್ದು ಮನೆಗೆ ಹೊರಡುತ್ತಾರೆ.